ಗೆದ್ದಲಿಗೊಂದು ಕಾಲಂ, ಕುಟ್ಟೆಗೊಂದು ಕಾಲಂ

ಮರ ತಿನ್ನುವವರಲ್ಲಿ ಎರಡು ಪಂಗಡ, ಮರ ನೋಡಲು ಬರುವವರಲ್ಲೂ ಎರಡು ಪಂಗಡ ಎಂದು ಜನ ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡಿದವರ ಮನೆಯ ಬಾಗಿಲ ಚೌಕಟ್ಟು ಒಂದು ದಿನ ಬೆರಳು ಒತ್ತಿದರೆ ಒಳಕ್ಕೆ ಹೋದಾಗ ಅವರೇ ಫೋನು ಮಾಡುತ್ತಿದ್ದರು. ಆಗ ಬೂದು ಬಣ್ಣದ ಹಳೇ ವ್ಯಾನೊಂದು ಬಂದು ನಿಲ್ಲುತ್ತಿತ್ತು. ಬಲ ಬಾಗಿಲಿನಿಂದ ಭಾವ ಇಳಿಯುತ್ತಿದ್ದ, ಎಡ ಬಾಗಿಲಿನಿಂದ ಭಾಮೈದ. ಇಬ್ಬರೂ ಒಂದೇ ಮನೆಯಿಂದ ಹೊರಟವರು, ಒಂದೇ ಒಲೆಯ ಊಟ ಉಂಡವರು. ಆದರೂ ಇಳಿದ ಮೇಲೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರಂತೆ ಮರದ ಎರಡು ತುದಿಗೆ ಹೋಗಿ ನಿಲ್ಲುತ್ತಿದ್ದರು.

ಭಾವ ಗೆದ್ದಲಿನವನು, ಭಾಮೈದ ಒಣಮರ ಕೊರೆಯುವ ಕುಟ್ಟೆ ಹುಳದವನು. ಗೆದ್ದಲಿನ ವಿಷಯಕ್ಕೆ ಭಾಮೈದ ಬಾಯಿ ಹಾಕುವಂತಿಲ್ಲ, ಕುಟ್ಟೆಯ ವಿಷಯಕ್ಕೆ ಭಾವ ತಲೆ ಹಾಕುವಂತಿಲ್ಲ. ಇದು ಸರ್ಕಾರದ ಕಾನೂನಲ್ಲ, ಅಕ್ಕನ ಕಾನೂನು. ಸರ್ಕಾರದ ಕಾನೂನಿಗಾದರೆ ಮೇಲ್ಮನವಿಯಾದರೂ ಇರುತ್ತದೆ.

ಒಂಬತ್ತು ವರ್ಷದ ಹಿಂದೆ ಒಂದು ಶಾಲೆಯ ಕಿಟಕಿ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ತಿಂದದ್ದು ಗೆದ್ದಲು ಎಂದು ಭಾವ, ಅಲ್ಲ ಕುಟ್ಟೆ ಎಂದು ಭಾಮೈದ. ಹೆಡ್‌ಮಾಸ್ತರರ ಎದುರಿಗೇ ಕೈ ಕೈ ಮಿಲಾಯಿಸುವುದೊಂದು ಬಾಕಿ. ಆಮೇಲೆ ನಲವತ್ತು ದಿನ ಇಬ್ಬರೂ ಒಂದೇ ಮೇಜಿಗೆ ಕೂತು ಉಣ್ಣುತ್ತಾ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಉಪ್ಪು ಬೇಕಾದರೆ ಅಕ್ಕನಿಗೆ ಹೇಳುತ್ತಿದ್ದರು, ಅಕ್ಕ ಇನ್ನೊಬ್ಬನಿಗೆ ಹೇಳುತ್ತಿದ್ದಳು. ಅಕ್ಕ ಎಂದರೆ ಭಾವನ ಹೆಂಡತಿ, ಭಾಮೈದನ ಒಡಹುಟ್ಟು, ಆಫೀಸಿನ ಫೋನು ಎತ್ತುವವಳು, ಶನಿವಾರವಾದರೆ ಹಾಡಿನ ಶಾಲೆಗೆ ಹೋಗುವವಳು. ನಲವತ್ತೊಂದನೆಯ ದಿನ ಅವಳಿಗೆ ಸಾಕಾಯಿತು. ತಪಾಸಣೆಯ ಫಾರಂ ಒಂದನ್ನು ಊಟದ ಮೇಜಿನ ಮೇಲೆ ಹರಡಿ, ನಟ್ಟನಡುವೆ ಮೇಲಿನಿಂದ ಕೆಳಗೆ ಪೆನ್ಸಿಲಿನ ಗೆರೆ ಎಳೆದಳು.

"ಎಡಗಡೆ ಗೆದ್ದಲು, ಬಲಗಡೆ ಕುಟ್ಟೆ. ನೀವು ಆ ಕಡೆ ಬರೀರಿ. ನೀನು ಈ ಕಡೆ ಬರಿ. ಇಬ್ಬರೂ ಕೆಳಗೆ ಸಹಿ ಹಾಕಿ. ಗೆರೆ ದಾಟಿದವರಿಗೆ ಈ ಮನೇಲಿ ಊಟ ಇಲ್ಲ."

ಮಾರನೆಯ ವಾರ ಗೆರೆ ಅಚ್ಚಾಗಿ ಬಂತು. ಅಂದಿನಿಂದ ಮನೆಯಲ್ಲಿ ಶಾಂತಿ ನೆಲೆಸಿತು. ಭಾಮೈದನ ಲೆಕ್ಕದಲ್ಲಿ ಶಾಂತಿ ಎಂದರೆ ಮಾತಿಲ್ಲದಿರುವುದು, ಆ ಲೆಕ್ಕದಲ್ಲಿ ಅದು ಬಹಳ ಒಳ್ಳೆಯ ಶಾಂತಿ.

ಹುಳುಗಳ ಸಹವಾಸ ಇಲ್ಲದವರಿಗಾಗಿ ಇಲ್ಲಿ ಸ್ವಲ್ಪ ಹೇಳಬೇಕು. ಗೆದ್ದಲು ಒಂಟಿಯಾಗಿ ಎಲ್ಲಿಗೂ ಹೋಗುವ ಪೈಕಿ ಅಲ್ಲ. ನೆಲದಡಿಯಿಂದ ಸಂಸಾರ ಸಮೇತ ಬರುತ್ತದೆ. ರಾಜ, ರಾಣಿ, ಆಳುಗಳು, ಸಿಪಾಯಿಗಳು ಎಲ್ಲ ಉಂಟು. ಬೆಳಕು ಆಗದು, ಗಾಳಿ ಆಗದು, ತೇವ ಇಲ್ಲದಿದ್ದರೆ ಬದುಕದು. ಅದಕ್ಕೇ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಮರದ ಹೊಟ್ಟೆಯನ್ನೆಲ್ಲ ತಿಂದು ಮೇಲಿನ ತೊಗಲು ಮಾತ್ರ ಬಿಡುತ್ತದೆ, ಹೊಡೆದ ಬಣ್ಣ ಕೂಡ ಮುಕ್ಕಾಗುವುದಿಲ್ಲ. ಹೊರಗಿನಿಂದ ತಟ್ಟಿದರೆ ಒಳಗಿನ ಸಿಪಾಯಿಗಳು ಗಾಬರಿಬಿದ್ದು ಮರಕ್ಕೆ ತಲೆ ಚಚ್ಚಿಕೊಳ್ಳುತ್ತವೆ. ಕಾಗದದ ಮೇಲೆ ಮರಳು ಸುರಿದಂಥ ಸಣ್ಣ ಸದ್ದು ಅದು. ಕುಟ್ಟೆಗೆ ಈ ಗದ್ದಲ ಯಾವುದೂ ಇಲ್ಲ. ತಾಯಿ ಮೊಟ್ಟೆಯಿಟ್ಟು ಹೋದರೆ ಮುಗಿಯಿತು; ಮರಿ ಒಣಮರದೊಳಗೆ ಎರಡು ಮೂರು ವರ್ಷ ಒಂಟಿಯಾಗಿ ಕೂತು, ಯಾರ ಗೊಡವೆಗೂ ಹೋಗದೆ ತಿನ್ನುತ್ತಿರುತ್ತದೆ. ರೆಕ್ಕೆ ಬಂದ ದಿನ ಗುಂಡುಸೂಜಿಯ ತಲೆಯಷ್ಟು ತೂತು ಕೊರೆದು ಹಾರಿಹೋಗುತ್ತದೆ. ಕೆಳಗೆ ಒಂದು ಚಿಟಿಕೆ ಮರದ ಹುಡಿ ಬಿದ್ದಿರುತ್ತದೆ, ಅಷ್ಟೇ ಗುರುತು.

"ನೀವಿಬ್ಬರೂ ನಿಮ್ಮ ನಿಮ್ಮ ಹುಳದ ಹಾಗೇ ಆಗ್ಬಿಟ್ಟಿದೀರಿ," ಎನ್ನುತ್ತಿದ್ದಳು ಅಕ್ಕ. "ಇಬ್ಬರೂ ತಿನ್ನೋದು ನನ್ನನ್ನೇ. ಒಬ್ಬರು ಊರನ್ನೆಲ್ಲ ಕಟ್ಕೊಂಡು ತಿಂತಾರೆ, ಒಬ್ಬ ಮೂಲೇಲಿ ಕೂತು ತಿಂತಾನೆ."

ಅದು ಸುಳ್ಳಲ್ಲ. ಭಾವ ಒಂದು ಲೋಟ ಚಹಾ ಕುಡಿಯಲು ಹೊರಟರೆ ಜೊತೆಗೆ ಆರು ಮಂದಿ ಸೇರುತ್ತಿದ್ದರು. ಭಾಮೈದನಿಗೆ ನಲವತ್ತನಾಲ್ಕು ವರ್ಷ, ಮದುವೆಯಿಲ್ಲ, ಮಹಡಿಯ ಮೇಲೊಂದು ಕೋಣೆ. ಪಕ್ಕದ ಮನೆಯವರು ಎದುರು ಸಿಕ್ಕರೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದ. ಹನ್ನೊಂದು ವರ್ಷದಿಂದ ಅವನ ಚಪ್ಪಲಿಯ ಪಟ್ಟಿ ಆ ಒಂದು ಜಾಗದಲ್ಲೇ ಸಡಿಲಾಗುತ್ತಿತ್ತು.

ಕೆಲಸದ ರೀತಿಯೂ ಹಾಗೆಯೇ. ಭಾವ ಸ್ಕ್ರೂಡ್ರೈವರಿನ ಹಿಡಿಯಿಂದ ಮರವನ್ನು ಮೂರು ಸಲ ತಟ್ಟಿ, ಬಲಗಿವಿಯನ್ನು ಮರಕ್ಕೆ ಒತ್ತಿ, ಎಡಗಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಸದ್ದು ಹಿಡಿಯುವ ಯಂತ್ರಗಳು ಬಂದಿವೆ ಎಂದು ಯಾರಾದರೂ ಹೇಳಿದರೆ, ಯಂತ್ರಕ್ಕೆ ಪರವಾನಗಿ ಕೊಟ್ಟಿದ್ದಾರೇನು ಎಂದು ಕೇಳುತ್ತಿದ್ದ. ಪರವಾನಗಿ ಇದ್ದದ್ದು ಭಾವನ ಹೆಸರಿನಲ್ಲಿ. ಭಾಮೈದ ಮಾತ್ರ ಕಣ್ಣಿನ ಮನುಷ್ಯ. ಟಾರ್ಚು, ಭೂತಗನ್ನಡಿ, ಏಣಿ. ತೂತು ಎಣಿಸಿ, ಹುಡಿ ಹಳೆಯದೋ ಹೊಸದೋ ನೋಡಿ, ಒಂದೊಂದು ತೂತಿಗೂ ಸಿರಿಂಜಿನಿಂದ ಔಷಧ ಬಿಟ್ಟು ಮೇಣ ಮೆತ್ತುತ್ತಿದ್ದ.

ಆ ಶನಿವಾರ ಮಧ್ಯಾಹ್ನ ಇಬ್ಬರೂ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋಗಿದ್ದರು. ಒಳಬಾಗಿಲಿನ ಚೌಕಟ್ಟಿನ ಬಗ್ಗೆ ಡಾಕ್ಟರಿಗೆ ಅನುಮಾನವಿತ್ತು. ಭಾವ ಮೂರು ಸಲ ತಟ್ಟಿ ಕಿವಿ ಒತ್ತಿದ. ಭಾಮೈದ ಒಂದು ಮೊಳ ದೂರದಲ್ಲಿ ಮಂಡಿಯೂರಿ ಹುಡಿ ಹುಡುಕುತ್ತಿದ್ದ. ಚೌಕಟ್ಟಿನೊಳಗಿಂದ ಸದ್ದು ಬಂತು. ಸಣ್ಣದೇನಲ್ಲ. ಒಳಗೆ ಯಾರೋ ರವೆ ಜರಡಿ ಹಿಡಿದ ಹಾಗಿತ್ತು.

"ಸದ್ದಿಲ್ಲ," ಎಂದ ಭಾವ, ಕಣ್ಣು ಬಿಟ್ಟು. "ಗೆದ್ದಲಿಲ್ಲ ಡಾಕ್ಟ್ರೇ, ನಿಶ್ಚಿಂತೆಯಾಗಿರಿ."

ಡಾಕ್ಟರು ಬಾಗಿಲನ್ನು ನೋಡಿದರು, ಭಾವನನ್ನು ನೋಡಿದರು, ಕೊನೆಗೆ ಭಾಮೈದನನ್ನು ನೋಡಿದರು. "ನಂಗೇ ಕೇಳಿಸ್ತಲ್ರೀ," ಎಂದರು ಮೆಲ್ಲಗೆ. ಭಾವ ಆ ಮಾತಿಗೂ ತಿರುಗಲಿಲ್ಲ. ಡಾಕ್ಟರು ಅವನ ಬಲಕ್ಕೆ ನಿಂತಿದ್ದರು.

ಭಾಮೈದ ಹುಡಿ ಹುಡುಕುವುದನ್ನು ಬಿಟ್ಟ. ಎದ್ದುಹೋಗಿ ಭಾವನ ಬಲಕ್ಕೆ ನಿಂತು, ಮಾಮೂಲು ದನಿಯಲ್ಲಿ ಹೇಳಿದ: "ಭಾವ, ನಿಮ್ಮ ಪ್ಯಾಂಟು ಹಿಂದೆ ಹರಿದಿದೆ."

ಭಾವ ಫಾರಂ ತುಂಬುತ್ತಲೇ ಇದ್ದ. ಇಸ್ತ್ರಿಯ ಗೆರೆ ಒಂದಿಷ್ಟು ಓರೆಯಾದರೂ ಅಂಗಿಯನ್ನೇ ಬದಲಿಸುವ ಮನುಷ್ಯ. ಭಾಮೈದ ಅವನ ಎಡಕ್ಕೆ ಹೋಗಿ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದ. ಭಾವನ ಕೈ ಸರಕ್ಕನೆ ಹಿಂದಕ್ಕೆ ಹೋಯಿತು. ಪ್ಯಾಂಟು ಹರಿದಿರಲಿಲ್ಲ.

ಭಾಮೈದ ಅಂಗಳಕ್ಕೆ ಬಂದು ಅಕ್ಕನಿಗೆ ಫೋನು ಮಾಡಿದ.

"ಅಕ್ಕ, ಭಾವನಿಗೆ ಯಾವಾಗಿಂದ ಕಿವಿ ಕೇಳಿಸ್ತಿಲ್ಲ?"

"ಮದುವೆ ಆದಾಗಿಂದ."

"ತಮಾಷೆ ಅಲ್ಲ. ಬಲಗಿವಿ."

"ಅವರಿಗೆ ನೆಗಡಿ ಆಗಿತ್ತಲ್ಲ, ನಮ್ಮ ಹಾಡಿನ ಶಾಲೆ ನೋಡಕ್ಕೆ ಬಂದಿದ್ರಲ್ಲ ನೀವು, ಅದರ ಹಿಂದಿನ ವಾರ. ಆಗಿಂದ ಆ ಕಡೆಯಿಂದ ಕರೆದ್ರೆ ತಿರುಗಲ್ಲ. ಬೇಕಂತ ಮಾಡ್ತಾರೆ ಅಂದ್ಕೊಂಡಿದ್ದೆ. ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ಅದನ್ನೆಲ್ಲ ತನಿಖೆ ಮಾಡೋ ಉತ್ಸಾಹ ಯಾರಿಗಿದೆ? ಯಾಕೆ?"

"ನೀನೆಲ್ಲಿದೀಯಾ?"

"ಹಾಡಿನ ಶಾಲೇಲೇ. ಇವತ್ತು ನಲವತ್ತು ಜನಾನೂ ಗ್ಯಾಲರಿ ಮೇಲೆ. ಮೂರು ಗಂಟೆಗೆ ಶುರು. ಎತ್ತರ ಇದೀನಿ ಅಂತ ನನ್ನನ್ನ ಹಿಂದಿನ ಸಾಲಿಗೆ ಹಾಕಿದಾರೆ, ಗೋಡೆ ಪಕ್ಕ. ಟೀಚರು ಬುಟ್ಟಿ ಹಿಡ್ಕೊಂಡು ಬಂದ್ರು, ಫೋನೆಲ್ಲ ಅದಕ್ಕೆ ಹಾಕ್ಬೇಕಂತೆ. ಇಡ್ತೀನಿ."

ಮರಳಿ ಮಾಡಿದರೆ ರಿಂಗಾಗುತ್ತಲೇ ಹೋಯಿತು. ಫೋನು ಬುಟ್ಟಿಯಲ್ಲಿತ್ತು.

ಭಾಮೈದ ಅಂಗಳದಲ್ಲಿ ಫೋನು ಹಿಡಿದು ನಿಂತ. ಏಳು ತಿಂಗಳ ಹಿಂದಿನ ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ನೆನಪಿಲ್ಲ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ ಕಾರಣಕ್ಕೇ ಚೆನ್ನಾಗಿ ನೆನಪಿತ್ತು. ಹಾಡಿನ ಶಾಲೆಯ ಗ್ಯಾಲರಿಯ ಕೆಳಗೆ ದಪ್ಪನೆಯ ತೊಲೆಗಳಿದ್ದವು. ಅವುಗಳ ಮುಂದಿನ ತುದಿ ಕಂಬಗಳ ಮೇಲೆ, ಹಿಂದಿನ ತುದಿ ಗೋಡೆಯೊಳಗೆ. ಭಾಮೈದ ಏಣಿ ಹತ್ತಿ ನಡುವಿನ ತೊಲೆಯಲ್ಲಿ ಮೂವತ್ತೊಂದು ಕುಟ್ಟೆ ತೂತು ಎಣಿಸಿದ. ಔಷಧ ಬಿಟ್ಟ, ಮೇಣ ಮೆತ್ತಿದ. ಇಳಿಯುವ ಮುಂಚೆ ಟಾರ್ಚನ್ನು ಗೋಡೆಯ ಕಡೆ ತಿರುಗಿಸಿದಾಗ ತೊಲೆಯ ಹಿಂದೆ ಮಣ್ಣಿನ ಗೆರೆಯೊಂದು ಕಂಡಿತು. ಪೆನ್ಸಿಲಿನಷ್ಟು ದಪ್ಪ, ನಾಲ್ಕು ಬೆರಳು ಉದ್ದ. ಅದು ಗೆದ್ದಲಿನ ದಾರಿ. ಕೆಲಸಕ್ಕೆ ಸೇರಿದ ಮೊದಲ ದಿನ ಬಂದವನೂ ಅದನ್ನು ಗುರುತಿಸುತ್ತಿದ್ದ.

ಅವನು ಹೇಳಲಿಲ್ಲ. ಅದು ಎಡಗಡೆಯ ಕಾಲಂ. ಭಾವ ಕೆಳಗೆ ಕಂಬಕ್ಕೆ ಕಿವಿ ಒತ್ತಿ ನಿಂತಿದ್ದ, ಕೇಳಿಸಿಕೊಂಡೇ ಕೊಳ್ಳುತ್ತಾನೆ ಎಂದುಕೊಂಡ. ಏಣಿಯನ್ನು ತೆಗೆಯದೆ ಹಾಗೇ ಬಿಟ್ಟ, ಬೇಕಿದ್ದರೆ ಹತ್ತಿ ನೋಡಲಿ ಎಂದು. ಆದರೆ ಭಾವ ತನ್ನ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದ. ಆ "ಇಲ್ಲ" ನೋಡಿದಾಗ ಭಾಮೈದನಿಗೆ ಭಯವಾಗಲಿಲ್ಲ. ಖುಷಿಯಾಯಿತು. ಇಡೀ ಊರೇ ಹೊಗಳುವ ಆ ಕಿವಿ ಒಂದು ಸಲವಾದರೂ ತಪ್ಪಿತಲ್ಲ ಎಂದು ಎಷ್ಟು ಖುಷಿಯಾಯಿತೆಂದರೆ, ಆ ದಿನ ಸಂಜೆ ಅಕ್ಕ ಕೇಳದೆಯೇ ಬಟ್ಟೆ ಮಡಿಚಿಟ್ಟ. ಮಣ್ಣಿನ ಗೆರೆ ಹಳೆಯದಿರಬಹುದು, ಖಾಲಿ ಇರಬಹುದು ಎಂದು ಆಮೇಲೆ ಸಮಾಧಾನ ಮಾಡಿಕೊಂಡ. ಏಳು ತಿಂಗಳು ಅದೇ ಸಮಾಧಾನ ಸಾಕಾಯಿತು.

ಗಡಿಯಾರ ನೋಡಿದ. ಎರಡೂ ಮುಕ್ಕಾಲು. ಒಳಗೆ ಓಡಿ, ಭಾವನ ಎಡಗಿವಿಯ ಹತ್ತಿರ ನಿಂತು, "ವ್ಯಾನು ತೆಗೀರಿ, ಹಾಡಿನ ಶಾಲೆಗೆ ಹೋಗಬೇಕು," ಎಂದ. ಭಾವ ಯಾಕೆ ಎಂದು ಕೇಳಲಿಲ್ಲ. ಅದೇ ಒಂದು ವಿಚಿತ್ರ.

ವ್ಯಾನಿನಲ್ಲಿ ಭಾವ ಬಲಕ್ಕೆ, ಭಾಮೈದ ಎಡಕ್ಕೆ. ಇಷ್ಟು ದಿನ ಏನೂ ಗೊತ್ತಾಗದಿದ್ದದ್ದು ಅದಕ್ಕೇ. ಭಾಮೈದ ಸದಾ ಒಳ್ಳೆಯ ಕಿವಿಯ ಕಡೆಗೇ ಕೂರುತ್ತಿದ್ದ. ಎರಡು ತಿರುವು ದಾಟುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಅಭ್ಯಾಸಬಲ.

"ಆ ತೊಲೆಯಲ್ಲಿ ಮಣ್ಣಿನ ಗೆರೆ ನೋಡಿದ್ದೆ ಭಾವ," ಎಂದ ಭಾಮೈದ ಕೊನೆಗೆ. "ಗೋಡೆ ಕಡೆ."

ಭಾವ ಬ್ರೇಕು ಒತ್ತಿಬಿಟ್ಟ. ಹಿಂದಿನ ಲಾರಿಯವನು ಹಾರ್ನು ಹೊಡೆದು, ಕಿಟಕಿಯಿಂದ ತಲೆ ಹಾಕಿ ಒಂದಿಷ್ಟು ಬೈದು ಮುಂದೆ ಹೋದ.

"ಯಾವಾಗ?"

"ಆವತ್ತೇ."

"ಮತ್ತೆ ಹೇಳೋಕೇನಾಗಿತ್ತು ನಿಂಗೆ ದಾಡಿ?"

"ಅದು ನಿಮ್ಮ ಕಾಲಂ. ನಿಮಗೆ ಕೇಳಿಸಿರುತ್ತೆ ಅಂದ್ಕೊಂಡೆ."

"ನಂಗೆಲ್ಲಿ ಕೇಳಿಸುತ್ತಯ್ಯ? ಏಳು ತಿಂಗಳಾಯ್ತು, ಆ ಕಿವಿ ಸತ್ತುಹೋಗಿ!" ಭಾವ ಸ್ಟೀರಿಂಗಿಗೆ ಗುದ್ದಿದ. "ಆ ಕಿವಿ ಬಿಟ್ಟು ಈ ಕಿವಿ ಇಟ್ಟರೆ ಜನ ಏನಾಯ್ತು ಅಂತ ಕೇಳ್ತಾರೆ. ಅದಕ್ಕೆ ನಿನ್ನ ಮುಖ ನೋಡಿ ಬರೀತಿದ್ದೆ."

"ನನ್ನ ಮುಖಾನಾ?"

"ಮಣ್ಣು ಕಂಡ್ರೆ ನಿನ್ನ ಮುಖ ಹುಳ್ಳಗಾಗುತ್ತೆ. ಒಂಬತ್ತು ವರ್ಷದಿಂದ ನೋಡ್ತಿದೀನಿ, ಗೊತ್ತಾಗಲ್ವಾ? ಮುಖ ಹುಳ್ಳಗಾದ್ರೆ ಗೆದ್ದಲಿದೆ ಅಂತ ಬರೀತೀನಿ, ಇಲ್ಲದಿದ್ರೆ ಇಲ್ಲ ಅಂತ. ತಪ್ಪೋದೇ ಇಲ್ಲ ಅಂದ್ಕೊಂಡಿದ್ದೆ. ಆವತ್ತು ಏಣಿ ಇಳಿದು ಬಂದಾಗ ನೀನು ನಗ್ತಾ ಇದ್ದೆ ಕಣಯ್ಯ. ಹಲ್ಲು ಕಾಣಿಸ್ತಿತ್ತು. ಇಷ್ಟು ಖುಷಿಯಾಗಿದಾನೆ ಅಂದ್ಮೇಲೆ ತೊಲೆ ಕಲ್ಲಿನ ಹಾಗಿರಬೇಕು ಅಂತ ನಾನು ಸಹಿ ಹಾಕಿದೆ."

ಭಾಮೈದನ ನಗುವನ್ನು ನಂಬಿ ಕೆಲಸ ಮಾಡಿದ ಮನುಷ್ಯ ಪ್ರಪಂಚದಲ್ಲಿ ಇವನೊಬ್ಬನೇ.

"ಅಕ್ಕ ಅದರ ಮೇಲಿದಾಳೆ," ಎಂದ.

ಭಾವ ಆಮೇಲೆ ಬ್ರೇಕು ಮುಟ್ಟಲಿಲ್ಲ.

ಹಾಡಿನ ಶಾಲೆ ಎಂದರೆ ಎತ್ತರದ ಒಂದೇ ಹಾಲು. ಬಾಗಿಲಿನ ಮೇಲುಗಡೆ ಮರದ ಗ್ಯಾಲರಿ, ಪಕ್ಕದಲ್ಲಿ ಹತ್ತಲು ಕಲ್ಲಿನ ಮೆಟ್ಟಿಲು. ಇವರು ಒಳನುಗ್ಗುವಾಗ ನಲವತ್ತು ಹೆಂಗಸರು ನಾಲ್ಕು ಸಾಲಾಗಿ ಮೇಲೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಟೀಚರು ಕೆಳಗೆ ಕೈ ಎತ್ತಿ ನಿಂತಿದ್ದರು. ಕಡ್ಡಿಯಂಥ ಹೆಂಗಸು, ದನಿ ಮಾತ್ರ ಕಬ್ಬಿಣದ್ದು.

"ಹಾಡಬೇಡಿ!" ಎಂದು ಕೂಗಿದ ಭಾವ.

ನಲವತ್ತು ಜನ ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟರು. ಟೀಚರು ಎತ್ತಿದ ಕೈ ಇಳಿಸದೆ ತಿರುಗಿದರು.

"ತಪಾಸಣೆ ಇದ್ರೆ ಐದು ಗಂಟೆಗೆ ಬನ್ನಿ."

"ಮೇಲೆ ಇರೋರೆಲ್ಲ ಈಗಲೇ ಇಳೀಬೇಕು. ತೊಲೆಗೆ ಗೆದ್ದಲು ಹಿಡಿದಿದೆ."

"ಯಾರು ಹೇಳಿದ್ದು?" ಟೀಚರು ಬಾಗಿಲ ಪಕ್ಕದ ಗೋಡೆಯ ಕಡೆ ಬೆರಳು ತೋರಿದರು. ಅಲ್ಲಿ ಗಾಜಿನ ಚೌಕಟ್ಟಿನಲ್ಲಿ ಆ ಫಾರಮ್ಮು ನೇತಾಡುತ್ತಿತ್ತು, ನಡುವೆ ಗೆರೆ, ಕೆಳಗೆ ಎರಡು ಸಹಿ. "ಗೆದ್ದಲು ಇಲ್ಲ ಅಂತ ಬರೆದು ಕೊಟ್ಟೋರು ನೀವೇ. ಇನ್ನು ಹದಿನೈದು ನಿಮಿಷ. ಕೊನೇ ಭಾಗ, ಕಾಲು ತಟ್ಟೋದೊಂದು ಬಾಕಿ. ಆಮೇಲೆ ಏನು ಬೇಕಾದ್ರೂ ನೋಡ್ಕೊಳ್ಳಿ."

ಕಾಲು ತಟ್ಟುವುದು ಎಂಬ ಮಾತು ಕೇಳಿ ಭಾಮೈದ ಮೇಲೆ ನೋಡಿದ. ಹಿಂದಿನ ಸಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ಅಕ್ಕ ನಿಂತಿದ್ದಳು. ಅವಳ ಕಾಲಿನ ನೇರ ಕೆಳಗೆ ನಡುವಿನ ತೊಲೆಯ ತುದಿ. ನಾಲ್ಕು ಜನರ ಎದುರು ಹೆಸರು ಹೇಳಲೂ ತಡವರಿಸುವ ಮನುಷ್ಯನವನು. ಈಗ ನಲವತ್ತೊಂದು ಜನ ಅವನ ಮುಖವನ್ನೇ ನೋಡುತ್ತಿದ್ದರು.

"ಆ ಕಾಗದ ಸುಳ್ಳು," ಎಂದ. ದನಿ ಅವನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ನಾನು ಗೆದ್ದಲಿನ ದಾರಿ ಕಣ್ಣಾರೆ ನೋಡಿದ್ದೆ. ನೋಡಿ ಹೇಳಲಿಲ್ಲ. ಭಾವ ತಪ್ಪು ಬರೀತಿದಾರೆ ಅಂತ ಗೊತ್ತಿದ್ದೂ ಸಹಿ ಹಾಕಿದೆ."

ಭಾವ ಅಷ್ಟರಲ್ಲಿ ಮುಂದೆ ಬಂದಿದ್ದ, ಭಾಮೈದ ಅವನ ಬಲಕ್ಕೆ ಉಳಿದಿದ್ದ. ಭಾವನಿಗೆ ಇದರಲ್ಲಿ ಒಂದಕ್ಷರವೂ ಕೇಳಿಸಿರಲಿಲ್ಲ. "ಈ ಹುಡುಗನದ್ದೇನೂ ತಪ್ಪಿಲ್ಲ!" ಎಂದು ಗಂಟಲು ಹರಿದುಕೊಂಡ. "ನಂಗೆ ಕಿವಿ ಕೇಳಿಸಲ್ಲ! ಕೇಳಿಸುತ್ತೆ ಅಂತ ಸುಳ್ಳು ಹೇಳಿ ಊರೆಲ್ಲ ಸಹಿ ಹಾಕಿದೀನಿ! ಪರವಾನಗಿ ಕಿತ್ಕೊಳ್ಳಿ, ಆದ್ರೆ ಮೊದಲು ಇಳೀರಿ!"

ನಲವತ್ತನಾಲ್ಕರವನನ್ನು ಹುಡುಗ ಎಂದದ್ದಕ್ಕೆ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನ ಸಾಲಿನಿಂದ ಅಕ್ಕನ ದನಿ ಬಂತು, ಅಡುಗೆಮನೆಯ ದನಿ.

"ಟೀಚರ್, ಇವರಿಬ್ಬರೂ ಒಂದೇ ಮಾತಾಡಿದ್ದನ್ನ ನಾನು ಒಂಬತ್ತು ವರ್ಷದಲ್ಲಿ ಕಂಡಿಲ್ಲ. ಇಳಿಯೋಣ."

ಟೀಚರು ಕೈ ಇಳಿಸಿದರು.

ಆಮೇಲಿನದೆಲ್ಲ ಭಾವನ ಕೆಲಸ. ಒಬ್ಬೊಬ್ಬರೇ, ಹಿಮ್ಮಡಿ ಊರದೆ, ಮುಂದಿನ ಕಂಬಗಳ ಸಾಲಿನ ಮೇಲೇ ನಡೆದು ಬರಬೇಕು ಎಂದ. ಗೋಡೆಯ ಕಡೆಯ ಭಾರ ಮೊದಲು ಕಡಿಮೆಯಾಗಲಿ ಎಂದು ಹಿಂದಿನ ಸಾಲಿನವರನ್ನು ಮೊದಲು ಕರೆದ. ಅಕ್ಕ ಕದಲಲಿಲ್ಲ. ತನ್ನ ಪಕ್ಕದವರನ್ನೆಲ್ಲ ಭುಜ ಮುಟ್ಟಿ ಒಬ್ಬೊಬ್ಬರನ್ನಾಗಿ ಮುಂದೆ ಕಳಿಸುತ್ತಾ ತಾನು ಅಲ್ಲೇ ನಿಂತಳು. "ನೀನು ಬಾರೇ ಮೊದಲು," ಎಂದು ಭಾವ ಎರಡು ಸಲ ಕೂಗಿದ. ಅವಳು ಇವನ ಕಡೆ ನೋಡಲೂ ಇಲ್ಲ. ಕೇಳಿಸದವರ ಹಾಗೆ ಇರುವುದು ಹೇಗೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹನ್ನೆರಡನೆಯವಳು ಮೆಟ್ಟಿಲು ಮುಟ್ಟುವಾಗ ತೊಲೆ ಸದ್ದು ಮಾಡಿತು. ದೊಡ್ಡದೇನಲ್ಲ, ಮುದುಕರು ಕುರ್ಚಿಯಿಂದ ಏಳುವಾಗ ಬರುವಂಥ ನರಳಿಕೆ. ಎಲ್ಲರೂ ನಿಂತಲ್ಲೇ ನಿಂತು ಮೇಲೆ ಕೆಳಗೆ ನೋಡಿದರು. ಸದ್ದು ಎಲ್ಲಿಂದ ಬಂತೆಂದು ಒಂದು ಕಿವಿಗೆ ತಿಳಿಯದೆ ಭಾವ ಬೀದಿಯ ಕಡೆ ತಿರುಗಿ ನೋಡಿದ. ಗೋಡೆಯಿಂದ ಸಣ್ಣಗೆ ಸುಣ್ಣ ಉದುರಿತು. ಭಾಮೈದ ಏನು ಮಾಡಿದನೆಂದರೆ, ಹೋಗಿ ತೊಲೆಯ ಕೆಳಗೆ ನಿಂತು ಎರಡೂ ಕೈ ಮೇಲೆ ಚಾಚಿದ. ತೊಲೆ ಅವನ ಬೆರಳಿಗೆ ಒಂದಾಳು ಮೇಲಿತ್ತು, ಸಿಕ್ಕಿದ್ದರೂ ಅವನಿಂದ ಏನೂ ಆಗುತ್ತಿರಲಿಲ್ಲ. ಆದರೂ ಕೊನೆಯವಳು ಇಳಿಯುವ ತನಕ ಕೈ ಇಳಿಸಲಿಲ್ಲ. ಕೊನೆಯವಳು ಅಕ್ಕ.

ಎಲ್ಲರನ್ನೂ ಹೊರಗಿನ ಅಂಗಳಕ್ಕೆ ಕಳಿಸಿದ ಮೇಲೆ ಗ್ಯಾಲರಿಯ ಅಡಿಗೆ ವ್ಯಾನಿನಿಂದ ತಂದ ಎರಡು ಕಬ್ಬಿಣದ ಕಂಬ ಆಸರೆಗೆ ನಿಲ್ಲಿಸಿ, ಭಾಮೈದ ಏಣಿ ಹತ್ತಿದ. ಮಣ್ಣಿನ ಗೆರೆ ಈಗ ಮಣಿಕಟ್ಟಿನಷ್ಟು ಅಗಲವಾಗಿತ್ತು. ಸ್ಕ್ರೂಡ್ರೈವರು ಒತ್ತಿದ. ಹಿಡಿಯವರೆಗೂ ಹೋಯಿತು, ಮರ ಮುಟ್ಟಿದ ಹಾಗೇ ಆಗಲಿಲ್ಲ. ಮೇಲಿನ ತೊಗಲನ್ನು ಒಂದು ಮೊಳದಷ್ಟು ಕಿತ್ತ. ಎಡಗಡೆ, ಗೋಡೆಯ ತೇವದ ಕಡೆ, ಗೆದ್ದಲು ತನ್ನ ರಾಜ್ಯ ಕಟ್ಟಿಕೊಂಡಿತ್ತು. ಮಹಡಿ ಮೇಲೆ ಮಹಡಿ, ಓಣಿಯ ಪಕ್ಕ ಓಣಿ. ಬಲಗಡೆ, ಒಣಗಿದ ಕಡೆ, ಕುಟ್ಟೆಯ ಹಳೇ ಸುರಂಗಗಳು, ಒಂದಕ್ಕೊಂದು ಸೇರದೆ, ತುಂಬ ಹುಡಿ. ತನ್ನ ಕೆಲಸ ಮೂವತ್ತೊಂದು ತೂತಿಗೆ ಮುಗಿಯಿತೆಂದುಕೊಂಡಿದ್ದ. ಒಳಗೆ ಅದರ ಹತ್ತರಷ್ಟಿತ್ತು. ಗೆದ್ದಲು ಕುಟ್ಟೆಯ ಕಡೆ ಬಂದಿರಲಿಲ್ಲ, ಕುಟ್ಟೆ ಗೆದ್ದಲಿನ ಕಡೆ ಹೋಗಿರಲಿಲ್ಲ. ನಡುವೆ ಇಬ್ಬರೂ ಮುಟ್ಟದೆ ಬಿಟ್ಟ ಮರ ಒಂದು ರಟ್ಟಿನ ದಪ್ಪಕ್ಕಿತ್ತು. ನಲವತ್ತು ಜನ ನಿಂತಿದ್ದದ್ದು ಆ ರಟ್ಟಿನ ಮೇಲೆ.

ಭಾವನೂ ಏಣಿಯ ಇನ್ನೊಂದು ಬದಿಯಿಂದ ಹತ್ತಿ ಬಂದು ನೋಡಿದ. ಇಬ್ಬರ ತಲೆಯೂ ಒಂದೇ ತೂತಿನ ಮುಂದೆ.

"ಈ ಏಳು ತಿಂಗಳಲ್ಲಿ ಎಷ್ಟು ಮನೆ ನೋಡಿದೀವಿ?" ಎಂದು ಕೇಳಿದ ಭಾವ.

"ಐವತ್ತಾರು."

"ಎಲ್ಲಾನೂ ಮತ್ತೆ ನೋಡ್ಬೇಕು. ನೀನು ನೋಡು, ನೀನೇ ಕೇಳು. ಸೋಮವಾರ ಪರವಾನಗಿ ವಾಪಸ್ಸು ಕೊಟ್ಟು ಬರ್ತೀನಿ." ಒಂದೊಂದೇ ಮೆಟ್ಟಿಲು ಇಳಿಯುತ್ತಾ ಭಾವ ಮೂಗು ಒರೆಸಿಕೊಂಡ. ಮೂವತ್ತು ವರ್ಷ ಇಡೀ ಊರಿನ ಮರಗಳ ಮಾತು ಕೇಳಿದವನು. ಭಾಮೈದನಿಗೆ ಅವನ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಕನಿಕರದ ಹಿಂದೆಯೇ ನಾಚಿಕೆಯೂ ಹುಟ್ಟಿತು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಭಾಮೈದ ಏಣಿ ಇಳಿದು ಕೈಯ ಹುಡಿ ಒರೆಸಿಕೊಳ್ಳುತ್ತಿರುವಾಗ ಹತ್ತಿರ ಬಂದಳು. ಬೈಯುತ್ತಾಳೆ ಎಂದು ಅವನು ಕಾಯುತ್ತಿದ್ದ. ಬೈದಿದ್ದರೆ ಹಗುರಾಗುತ್ತಿತ್ತು.

"ಒಂದು ಕೇಳ್ತೀನಿ, ನಿಜ ಹೇಳು," ಎಂದಳು. "ಡಾಕ್ಟ್ರ ಕ್ಲಿನಿಕ್ಕಲ್ಲಿ ನಿಂಗೆ ಎಲ್ಲಾ ಗೊತ್ತಾಯ್ತಲ್ಲ. ನಾನು ಇವತ್ತು ಹಾಡಕ್ಕೆ ಬರದೆ ಮನೇಲಿದ್ದಿದ್ರೆ ಏನು ಮಾಡ್ತಿದ್ದೆ?"

ಇವತ್ತೇ ಬರ್ತಿದ್ದೆ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ದಿನ ಒಮ್ಮೆ ನಿಜ ಹೇಳಿ ಅಭ್ಯಾಸವಾಗಿಬಿಟ್ಟಿತ್ತು.

"ಸೋಮವಾರ ಬರ್ತಿದ್ದೆ," ಎಂದ.

ಅಕ್ಕ ಅವನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಉಳಿದ ಮೂವತ್ತೊಂಬತ್ತು ಜನ ಆ ತೊಲೆಯ ಮೇಲೆ ಕಾಲು ತಟ್ಟಿ ಆಗಿರುತ್ತಿತ್ತು; ಸೋಮವಾರ ಎಂಬ ಆ ಒಂದು ಮಾತು ಎಷ್ಟು ಭಾರವಿದೆಯೆಂದು ಅವನಿಗೂ ಆಗಲೇ ತಿಳಿದದ್ದು. ಅವಳು ಅವನ ರಟ್ಟೆ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದಳು. ಹೆಂಗಸರು ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಗಿಡದ ನೆರಳಿನಲ್ಲಿ ಕೂತು ನೀರು ಕುಡಿಯುತ್ತಿದ್ದರು. ಅಕ್ಕ ಅವನನ್ನು ಮೊದಲನೆಯವಳ ಮುಂದೆ ನಿಲ್ಲಿಸಿದಳು.

"ಇವರು ಅಂಚೆ ಕಚೇರೀಲಿದಾರೆ. ಇಬ್ಬರು ಮಕ್ಕಳು, ಚಿಕ್ಕದಕ್ಕೆ ಮೂರು ವರ್ಷ. ಇವನು ನನ್ನ ತಮ್ಮ."

ಭಾಮೈದ ನಮಸ್ಕಾರ ಎಂದ. ಚಪ್ಪಲಿಯ ಕಡೆ ಬಗ್ಗಲು ಹೋದವನನ್ನು ಅಕ್ಕ ರಟ್ಟೆ ಹಿಡಿದು ನೆಟ್ಟಗೆ ನಿಲ್ಲಿಸಿದಳು.

"ಮುಖ ನೋಡಿ ಹೇಳು."

ಅವನು ಮುಖ ನೋಡಿ ಹೇಳಿದ. ಅಕ್ಕ ಅವನನ್ನು ಮುಂದಿನವಳ ಹತ್ತಿರ ನಡೆಸಿದಳು.

"ಇವಳು ಶಾಲೇಲಿ ಲೆಕ್ಕ ಹೇಳ್ಕೊಡ್ತಾಳೆ. ಬರೋ ತಿಂಗಳು ಮದುವೆ. ಇವನು ನನ್ನ ತಮ್ಮ."

"ನಮಸ್ಕಾರ," ಎಂದ ಭಾಮೈದ.

"ಇವರದು ದರ್ಜಿ ಅಂಗಡಿ. ಹಾಸಿಗೆ ಹಿಡಿದಿರೋ ತಾಯಿಗೆ ಇವರೊಬ್ಬರೇ. ಇವನು ನನ್ನ ತಮ್ಮ."

ದರ್ಜಿ ಹೆಂಗಸು ಅವನನ್ನು ನೋಡಿ ನಕ್ಕು, ಸರಿಯಾದ ಹೊತ್ತಿಗೆ ಬಂದು ಕಾಪಾಡಿದಿರಿ, ನಿಮ್ಮ ಉಪಕಾರ ದೊಡ್ಡದು ಎಂದಳು. ಭಾಮೈದನ ಕಣ್ಣು ತುಂಬಿ ಬಂತು. ಅಕ್ಕ ಅವನ ರಟ್ಟೆ ಬಿಡಲಿಲ್ಲ. ಇನ್ನೂ ಮೂವತ್ತಾರು ಜನ ಇದ್ದರು.